ಹಲ್ಲು ಕಳೆದುಕೊಳ್ಳುವ ಮನೆತನಗಳು: ಒಸಡಿನ ರೋಗದಲ್ಲಿ ವಂಶವಾಹಿಯ ಪಾಲು

ಹುಳುಕೇ ಇಲ್ಲದ ಹಲ್ಲುಗಳು ನಲವತ್ತರ ಆಸುಪಾಸಿನಲ್ಲಿ ಅಲ್ಲಾಡತೊಡಗಿ ಐವತ್ತರ ಹೊತ್ತಿಗೆ ಒಂದೊಂದಾಗಿ ಉದುರುವ ರೋಗವನ್ನು ಹಳೆಯ ತಲೆಮಾರಿನವರು ಪಯೋರಿಯಾ ಎಂದು ಕರೆಯುತ್ತಿದ್ದರು. ಇಂದಿನ ದಂತವೈದ್ಯರು ಅದನ್ನೇ ಪೆರಿಯೊಡಾಂಟೈಟಿಸ್, ಅಂದರೆ ಹಲ್ಲಿಗೆ ಆಧಾರವಾಗಿರುವ ಒಸಡು, ನಾರು ಮತ್ತು ಮೂಳೆಗಳ ದೀರ್ಘಕಾಲದ ಉರಿಯೂತ, ಎಂದು ಗುರುತಿಸುತ್ತಾರೆ. ಹೆಸರು ಬದಲಾದರೂ ರೋಗಿಗಳು ಕೊಡುವ ವಿವರಣೆ ಬದಲಾಗಿಲ್ಲ: ತಂದೆಗೂ ಹೀಗೆಯೇ ಆಗಿತ್ತು, ದೊಡ್ಡಪ್ಪನಿಗೂ ಆಗಿತ್ತು, ಇದು ಮನೆತನದಿಂದ ಬಂದದ್ದು ಎಂಬ ಮಾತು ದಂತ ಚಿಕಿತ್ಸಾಲಯಗಳಲ್ಲಿ ದಿನವೂ ಕೇಳಿಬರುತ್ತದೆ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಅಳೆಯಲು ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯು ಎರಡು ಬಗೆಯ ಪ್ರಕರಣಗಳನ್ನು ಬೇರ್ಪಡಿಸಿ ತೋರಿಸಿದೆ. ಒಂದೇ ವಂಶವಾಹಿಯ ದೋಷದಿಂದ ಬಾಲ್ಯದಲ್ಲೇ ಹಲ್ಲು ಉದುರಿಸುವ ಅಪರೂಪದ ರೋಗಗಳಲ್ಲಿ ವಂಶವಾಹಿ ಪರೀಕ್ಷೆಯ ತೀರ್ಪೇ ಅಂತಿಮ. ಅನೇಕ ವಂಶವಾಹಿಗಳು ತಲಾ ಅಲ್ಪಸ್ವಲ್ಪ ಪಾಲು ಸೇರಿಸಿ ಉಂಟುಮಾಡುವ ಸಾಮಾನ್ಯ ರೋಗದಲ್ಲಿ ಮಾತ್ರ, ಮನೆಯವರ ಹಲ್ಲಿನ ಇತಿಹಾಸವನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವುದಕ್ಕೆ ಇರುವ ಬೆಲೆ ಪ್ರಯೋಗಾಲಯದ ಪರೀಕ್ಷೆಗೆ ಇನ್ನೂ ಬಂದಿಲ್ಲ.

ಈ ವ್ಯತ್ಯಾಸವು ನವಿ ಮುಂಬಯಿಯ ಬೇಲಾಪುರದಂಥ ಊರಿನಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯವಾಗುತ್ತದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯು ಕಟ್ಟಿದ ಈ ನಗರಕ್ಕೆ ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಗುಜರಾತ, ಕೇರಳ, ಉತ್ತರ ಪ್ರದೇಶಗಳಿಂದಲೂ, ದಕ್ಷಿಣ ಕನ್ನಡ, ಉಡುಪಿ, ಕಲಬುರಗಿ, ವಿಜಯಪುರಗಳಿಂದಲೂ ಜನ ಬಂದು ನೆಲೆಸಿದ್ದಾರೆ. ಬೇಲಾಪುರದ ಭಾರತಿ ವಿದ್ಯಾಪೀಠ ದಂತ ಮಹಾವಿದ್ಯಾಲಯ, ನೆರೂಳಿನ ಡಿ.ವೈ. ಪಾಟೀಲ ಮತ್ತು ತೇರ್ಣಾ, ಖಾರ್ಘರದ ವೈಎಂಟಿ, ಕಾಮೋಠೆಯ ಎಂಜಿಎಂ ಎಂದು ಕೆಲವೇ ಮೈಲಿಗಳ ಅಂತರದಲ್ಲಿ ಐದು ದಂತ ಕಾಲೇಜುಗಳಿರುವ ಈ ಪಟ್ಟಿಯಲ್ಲಿ, ಒಂದೇ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಹತ್ತಾರು ವಂಶಗಳ ಜನ ಒಟ್ಟಿಗೆ ಕುಳಿತಿರುತ್ತಾರೆ. ಅವರ ಪೂರ್ವಜರು ಶತಮಾನಗಳ ಕಾಲ ತಮ್ಮ ತಮ್ಮ ಜಾತಿಯೊಳಗೇ, ಕೆಲವೆಡೆ ಬಂಧುವರ್ಗದೊಳಗೇ ಮದುವೆಯಾಗುತ್ತ ಬಂದವರಾದ್ದರಿಂದ ಅವರ ವಂಶವಾಹಿಗಳ ಹಂಚಿಕೆ ಒಂದೇ ರೀತಿ ಇರುವುದಿಲ್ಲ. ಆದರೆ ನಗರಕ್ಕೆ ಬಂದ ಮೇಲೆ ಅವರು ತಿನ್ನುವ ಆಹಾರ, ಬಳಸುವ ತಂಬಾಕು, ಏರುವ ಸಕ್ಕರೆ ಕಾಯಿಲೆಯ ಪ್ರಮಾಣ ಒಂದನ್ನೊಂದು ಹೋಲುತ್ತ ಹೋಗುತ್ತವೆ. ವಂಶದಿಂದ ಬಂದದ್ದು ಯಾವುದು, ಜೀವನಕ್ರಮದಿಂದ ಬಂದದ್ದು ಯಾವುದು ಎಂದು ಬಿಡಿಸಿ ನೋಡುವ ಕೆಲಸ ಇಲ್ಲಿ ಕಷ್ಟವೂ ಹೌದು, ಅಗತ್ಯವೂ ಹೌದು.

ರೋಗ ಹುಟ್ಟುವ ಬಗೆ

ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ, ಅಂಟಾದ ಪದರವೊಂದು ಕೂಡತೊಡಗುತ್ತದೆ. ಇದನ್ನು ಪ್ಲಾಕ್ ಎನ್ನುತ್ತಾರೆ, ಅದು ಸುಣ್ಣಾಂಶ ಸೇರಿ ಗಟ್ಟಿಯಾದಾಗ ಟಾರ್ಟರ್ ಅಥವಾ ಹಲ್ಲುಗಾರೆ ಆಗುತ್ತದೆ. ಈ ಪದರಕ್ಕೆ ಒಸಡು ತೋರುವ ಮೊದಲ ಪ್ರತಿಕ್ರಿಯೆಯೇ ಜಿಂಜಿವೈಟಿಸ್, ಅಂದರೆ ಒಸಡು ಕೆಂಪಾಗಿ ಬಾತು, ಮುಟ್ಟಿದರೆ ರಕ್ತ ಬರುವ ಸ್ಥಿತಿ. 1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹ್ಯಾರಲ್ಡ್ ಲೋ ಮತ್ತು ಸಂಗಡಿಗರು, ಆರೋಗ್ಯವಂತರಾದ ಹನ್ನೆರಡು ಮಂದಿಗೆ ಕೆಲವು ವಾರ ಹಲ್ಲುಜ್ಜದಿರಲು ಹೇಳಿ, ಅವರೆಲ್ಲರಲ್ಲೂ ಇದು ಕಾಣಿಸಿಕೊಳ್ಳುವುದನ್ನೂ, ಮತ್ತೆ ಉಜ್ಜತೊಡಗಿದಾಗ ಮಾಯವಾಗುವುದನ್ನೂ ತೋರಿಸಿದರು. ಮೊದಲ ಹಂತದ ಉರಿಯೂತ ಯಾರನ್ನೂ ಬಿಡುವುದಿಲ್ಲ ಎಂದಾಯಿತು. ಆದರೆ ಎರಡನೆಯ ಹಂತ, ಅಂದರೆ ಉರಿಯೂತವು ಆಳಕ್ಕಿಳಿದು, ಹಲ್ಲನ್ನು ಮೂಳೆಗೆ ಕಟ್ಟಿಹಾಕಿರುವ ನಾರುಗಳು ಕಳಚಿ, ಆಸ್ಟಿಯೊಕ್ಲಾಸ್ಟ್ ಎಂಬ ಮೂಳೆ ಕರಗಿಸುವ ಕೋಶಗಳು ಎಚ್ಚೆತ್ತು, ಒಸಡು ಮತ್ತು ಹಲ್ಲಿನ ನಡುವೆ ಆಳವಾದ ಪೊಟರೆ ಉಂಟಾಗುವ ಹಂತ, ಎಲ್ಲರಿಗೂ ಬರುವುದಿಲ್ಲ. ಅಷ್ಟೇ ಕೊಳಕು ಬಾಯಿಯುಳ್ಳ ಇಬ್ಬರಲ್ಲಿ ಒಬ್ಬನ ಮೂಳೆ ಕರಗಿ ಇನ್ನೊಬ್ಬನದು ಉಳಿಯುವುದೇಕೆ ಎಂಬುದೇ ವಂಶವಾಹಿ ಸಂಶೋಧನೆಯ ಮೂಲ ಪ್ರಶ್ನೆ.

ಈ ಪ್ರಶ್ನೆಯನ್ನು ಅಂಕಿಗಳಲ್ಲಿ ಎತ್ತಿ ತೋರಿಸಿದ ಅಧ್ಯಯನ ನಡೆದದ್ದು ಭಾರತದ ಮಗ್ಗುಲಲ್ಲೇ, ಶ್ರೀಲಂಕಾದ ಚಹಾ ತೋಟಗಳಲ್ಲಿ. ಹಲ್ಲುಜ್ಜುವ ರೂಢಿಯೂ ದಂತವೈದ್ಯರ ನೆರವೂ ಇರದಿದ್ದ 480 ಪುರುಷ ಕಾರ್ಮಿಕರನ್ನು ಲೋ ಅವರ ತಂಡವು 1970ರಿಂದ ಹದಿನೈದು ವರ್ಷಗಳ ಕಾಲ ಗಮನಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ಲಾಕ್ ಮತ್ತು ಹಲ್ಲುಗಾರೆ ಎಲ್ಲರಲ್ಲೂ ಹೇರಳವಾಗಿದ್ದರೂ, ಅವರಲ್ಲಿ ಶೇ. 8ರಷ್ಟು ಮಂದಿಯಲ್ಲಿ ರೋಗ ವೇಗವಾಗಿ ಹರಡಿತು, ಶೇ. 81ರಷ್ಟು ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು, ಶೇ. 11ರಷ್ಟು ಮಂದಿಯಲ್ಲಿ ಒಸಡಿನ ಮೇಲ್ಮೈ ಉರಿಯೂತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ವೇಗದ ಗುಂಪಿನವರು ಇಪ್ಪತ್ತರ ಹರೆಯದಲ್ಲೇ ಹಲ್ಲು ಕಳೆದುಕೊಳ್ಳತೊಡಗಿ, 35ನೆಯ ವಯಸ್ಸಿಗೆ ಸರಾಸರಿ 12 ಹಲ್ಲುಗಳನ್ನೂ 40ಕ್ಕೆ 20 ಹಲ್ಲುಗಳನ್ನೂ ಕಳೆದುಕೊಂಡು, 45ಕ್ಕೆ ಬೊಚ್ಚುಬಾಯಿಯವರಾದರು. ಒಂದೇ ತೋಟ, ಒಂದೇ ಕೂಲಿ, ಹೆಚ್ಚುಕಡಿಮೆ ಒಂದೇ ಊಟ ಇದ್ದವರ ನಡುವಿನ ಇಷ್ಟು ದೊಡ್ಡ ಅಂತರವನ್ನು ಕೊಳೆಯೊಂದೇ ವಿವರಿಸಲಾರದು. ಆ ಕೊಳೆಗೆ ದೇಹವು ಉತ್ತರ ಕೊಡುವ ರೀತಿಯಲ್ಲಿ ವ್ಯತ್ಯಾಸವಿರಬೇಕು.

ಅವಳಿಗಳು ಹೇಳಿದ್ದು

ದೇಹದ ಉತ್ತರದಲ್ಲಿರುವ ಈ ವ್ಯತ್ಯಾಸ ಎಷ್ಟರಮಟ್ಟಿಗೆ ವಂಶದಿಂದ ಬಂದದ್ದು ಎಂದು ತಿಳಿಯುವ ಹಳೆಯ ಉಪಾಯ ಅವಳಿಗಳ ಅಧ್ಯಯನ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳೆಲ್ಲ ಒಂದೇ ಆಗಿರುತ್ತವೆ, ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಸಾಮಾನ್ಯ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟು ಮಾತ್ರ ಹೊಂದುತ್ತವೆ. ಆದ್ದರಿಂದ ಮೊದಲ ಬಗೆಯ ಜೋಡಿಗಳು ರೋಗದ ವಿಷಯದಲ್ಲಿ ಎರಡನೆಯ ಬಗೆಯವರಿಗಿಂತ ಹೆಚ್ಚು ಹೋಲುತ್ತಿದ್ದರೆ ಅದು ವಂಶವಾಹಿಗಳ ಪ್ರಭಾವಕ್ಕೆ ಸಾಕ್ಷಿಯಾಗುತ್ತದೆ. ಅಮೆರಿಕದಲ್ಲಿ ಬ್ರಯನ್ ಮಿಖಾಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ, 117 ವಯಸ್ಕ ಜೋಡಿಗಳ ಅಧ್ಯಯನವು ಪೆರಿಯೊಡಾಂಟೈಟಿಸ್‌ನ ಆನುವಂಶಿಕತೆಯನ್ನು ಸುಮಾರು ಶೇ. 50 ಎಂದು ಅಂದಾಜಿಸಿತು. ಅದೇ ಅಧ್ಯಯನದಲ್ಲಿ, ದಂತವೈದ್ಯರನ್ನು ಕಾಣುವ ರೂಢಿ, ಧೂಮಪಾನ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಒಸಡಿನ ಮೇಲ್ಮೈ ಉರಿಯೂತಕ್ಕೆ ವಂಶದ ಪುರಾವೆ ಉಳಿಯಲಿಲ್ಲ. ರಕ್ತ ಬರುವುದು ರೂಢಿಯ ಫಲ, ಮೂಳೆ ಕರಗುವುದರಲ್ಲಿ ವಂಶಕ್ಕೂ ಪಾಲುಂಟು ಎಂಬ ಈ ವಿಭಜನೆಯು ಆರ್ಹಸ್ ಮತ್ತು ಶ್ರೀಲಂಕಾದ ಫಲಿತಾಂಶಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ.

ಆದರೆ ಆ ಐವತ್ತರ ಅಂಕಿ ಮುಂದಿನ ಅಧ್ಯಯನಗಳಲ್ಲಿ ಕುಗ್ಗುತ್ತ ಬಂದಿದೆ. 2005ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅವಳಿ ಅಧ್ಯಯನವು ಮಹಿಳೆಯರಲ್ಲಿ ಶೇ. 39, ಪುರುಷರಲ್ಲಿ ಶೇ. 33 ಎಂದಿತು. ಲೂಯಿಜಿ ನಿಬಾಲಿ ಮತ್ತು ಸಂಗಡಿಗರು 2019ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ಅವಳಿಗಳ ಆಧಾರದಲ್ಲಿ ಶೇ. 38, ಇತರ ಕುಟುಂಬಗಳ ಆಧಾರದಲ್ಲಿ ಶೇ. 15, ಇಡೀ ವಂಶವಾಹಿ ಸಂಚಯವನ್ನು ಜಾಲಾಡಿದ ಅಧ್ಯಯನಗಳ ಆಧಾರದಲ್ಲಿ ಶೇ. 7 ಎಂಬ ಮೂರು ಅಂದಾಜುಗಳು ಬಂದವು. ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು: ಆನುವಂಶಿಕತೆ ಶೇ. 38 ಎಂದರೆ ಒಬ್ಬ ರೋಗಿಯ ಕಾಯಿಲೆಯಲ್ಲಿ ನೂರಕ್ಕೆ 38 ಪಾಲು ತಂದೆತಾಯಿಯಿಂದ ಬಂತೆಂದಲ್ಲ, ಒಂದು ಜನಸಮುದಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದಲ್ಲಿ ಅಷ್ಟನ್ನು ವಂಶವಾಹಿಗಳ ವ್ಯತ್ಯಾಸಕ್ಕೆ ಸಲ್ಲಿಸಬಹುದು ಎಂದರ್ಥ. ಬಹುಪಾಲು ಜನ ಚೊಕ್ಕಟವಾಗಿ ಹಲ್ಲುಜ್ಜುವ ಸ್ವೀಡನ್ನಿನ ಪೇಟೆಯಲ್ಲಿ ಬರುವ ಅಂಕಿ, ತಂಬಾಕಿನ ಬಳಕೆ ಮನೆಯಿಂದ ಮನೆಗೆ ವಿಪರೀತ ಬದಲಾಗುವ ಠಾಣೆ ಜಿಲ್ಲೆಯಲ್ಲಿ ಹಾಗೆಯೇ ಬರಬೇಕಿಲ್ಲ.

ಒಂದೇ ವಂಶವಾಹಿಯ ರೋಗಗಳು

ವಂಶವಾಹಿಯ ಅಧಿಕಾರ ಪೂರ್ತಿಯಾಗಿ ನಡೆಯುವ ಕ್ಷೇತ್ರವೊಂದಿದೆ. ಅದು ಅಪರೂಪದ ಬಾಲ್ಯರೋಗಗಳದು. 1924ರಲ್ಲಿ ಪಾಪಿಯೋಂ ಮತ್ತು ಲೆಫೆವ್ರ್ ಎಂಬ ಫ್ರೆಂಚ್ ವೈದ್ಯರು ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಲಕ್ಷಣಕೂಟದಲ್ಲಿ ಮಗುವಿನ ಅಂಗೈ ಅಂಗಾಲುಗಳ ಚರ್ಮ ದಪ್ಪವಾಗಿ ಒಡೆಯುತ್ತದೆ, ಹಾಲುಹಲ್ಲುಗಳು ಸರಿಯಾಗಿಯೇ ಮೂಡಿ ನಾಲ್ಕೈದು ವರ್ಷದೊಳಗೆ ಒಸಡು ಬಾತು ಉದುರುತ್ತವೆ, ಆಮೇಲೆ ಬಂದ ಶಾಶ್ವತ ಹಲ್ಲುಗಳೂ ಹದಿಹರೆಯ ಮುಗಿಯುವ ಮೊದಲೇ ಅದೇ ದಾರಿ ಹಿಡಿಯುತ್ತವೆ. ಹತ್ತು ಲಕ್ಷಕ್ಕೆ ಒಂದರಿಂದ ನಾಲ್ಕು ಜನರಲ್ಲಿ ಕಾಣುವ ಈ ರೋಗಕ್ಕೆ ಹನ್ನೊಂದನೆಯ ವರ್ಣತಂತುವಿನಲ್ಲಿರುವ ಸಿಟಿಎಸ್‌ಸಿ ಎಂಬ ವಂಶವಾಹಿಯ ದೋಷ ಕಾರಣವೆಂದು 1999ರಲ್ಲಿ ಗೊತ್ತಾಯಿತು. ಈ ವಂಶವಾಹಿ ತಯಾರಿಸುವ ಕೆಥೆಪ್ಸಿನ್ ಸಿ ಎಂಬ ಕಿಣ್ವವು, ರೋಗಾಣುಗಳನ್ನು ನಿಗ್ರಹಿಸುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಆಯುಧಗಳನ್ನು ಸಜ್ಜುಗೊಳಿಸುತ್ತದೆ; ಅದಿಲ್ಲದಿದ್ದಾಗ ಒಸಡಿನ ರಕ್ಷಣಾ ವ್ಯವಸ್ಥೆಯೇ ಹದ ತಪ್ಪುತ್ತದೆ. ಇದೇ ವಂಶವಾಹಿಯ ಇನ್ನೊಂದು ದೋಷದ ಕಥೆ ಭಾರತದ ಪಶ್ಚಿಮ ಕರಾವಳಿಗೆ ಸೇರಿದ್ದು. 1965ರಲ್ಲಿ ಹೈಮ್ ಮತ್ತು ಮಂಕ್ ಎಂಬುವರು ವರ್ಣಿಸಿದ, ಹಲ್ಲು ಉದುರುವುದರ ಜೊತೆಗೆ ಬೆರಳುಗಳು ವಿಕಾರವಾಗುವ ಲಕ್ಷಣಕೂಟವು, ಕೊಚ್ಚಿಯಿಂದ ಇಸ್ರೇಲಿಗೆ ಹೋಗಿ ನೆಲೆಸಿದ ಯಹೂದಿ ಕುಟುಂಬಗಳಲ್ಲಿ ಕಂಡದ್ದು. ಸಣ್ಣ ಸಮುದಾಯವೊಂದು ತಲೆತಲಾಂತರ ತನ್ನೊಳಗೇ ಸಂಬಂಧ ಬೆಳೆಸಿದಾಗ, ಮೂಲಪುರುಷರಲ್ಲಿ ಯಾರೋ ಒಬ್ಬರಲ್ಲಿದ್ದ ದೋಷ ಎಷ್ಟೋ ಮನೆಗಳಿಗೆ ಹರಡುವುದಕ್ಕೆ ಇದು ಸ್ಪಷ್ಟ ಉದಾಹರಣೆ.

ಮುಂಬಯಿಯ ಹೆಸರು ಹೊತ್ತ ರಕ್ತದ ಗುಂಪೊಂದು ಈ ವಿಷಯದೊಳಗೆ ಬರುವುದು ಕುತೂಹಲಕರ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ರಕ್ತದ ಗುಂಪಿನವರಲ್ಲಿ, ಎ, ಬಿ ಗುಂಪುಗಳಿಗೆ ತಳಹದಿಯಾದ ಎಚ್ ಎಂಬ ಗುರುತು ರಕ್ತಕಣಗಳ ಮೇಲೆ ಇರುವುದಿಲ್ಲ. ಸಾಮಾನ್ಯವಾಗಿ ಇದು ರಕ್ತ ಹುಡುಕುವ ಕಷ್ಟವೊಂದನ್ನು ಬಿಟ್ಟರೆ ಬೇರೆ ತೊಂದರೆ ಕೊಡುವುದಿಲ್ಲ, ಹಲ್ಲಿಗಂತೂ ಸಂಬಂಧವಿಲ್ಲ. ಆದರೆ ದೇಹದಲ್ಲಿ ಫ್ಯೂಕೋಸ್ ಎಂಬ ಸಕ್ಕರೆಯ ಸಾಗಣೆಯೇ ಕೆಟ್ಟಿರುವ ಅತಿ ವಿರಳ ರೋಗಿಗಳಲ್ಲಿ ಎಚ್ ಗುರುತೂ ತಯಾರಾಗುವುದಿಲ್ಲ, ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಹತ್ತಿ ಹೊರಬರಲು ಬೇಕಾದ ಹಿಡಿಕೆಯೂ ತಯಾರಾಗುವುದಿಲ್ಲ. ಹೀಗಾಗಿ ಅವರಲ್ಲಿ ಬಾಂಬೆ ಗುಂಪಿನ ರಕ್ತವೂ ತೀವ್ರವಾದ ಒಸಡಿನ ರೋಗವೂ ಒಟ್ಟಿಗೆ ಕಾಣುತ್ತವೆ. ಬಿಳಿ ರಕ್ತಕಣಗಳು ಅಂಟಿಕೊಳ್ಳಲಾರದ ಇಂಥ ರೋಗಗಳ ಮೊದಲನೆಯ ಬಗೆ, ಐಟಿಜಿಬಿ2 ಎಂಬ ವಂಶವಾಹಿಯ ದೋಷದಿಂದ ಬರುವಂಥದು, ತುಸು ಹೆಚ್ಚು ಕಾಣಸಿಗುತ್ತದೆ. ಮುಂಬಯಿಯ ಪರೇಲಿನಲ್ಲಿರುವ ರಾಷ್ಟ್ರೀಯ ಪ್ರತಿರಕ್ಷಾ ರಕ್ತವಿಜ್ಞಾನ ಸಂಸ್ಥೆಯು ಇಂಥ ಮಕ್ಕಳನ್ನು ಗುರುತಿಸಿ ಅಧ್ಯಯನ ಮಾಡಿದೆ.

ಈ ಮೊದಲನೆಯ ಬಗೆಯ ರೋಗಿಗಳಿಂದ ಒಸಡಿನ ರೋಗದ ಬಗೆಗಿನ ತಿಳಿವಳಿಕೆಯೇ ಬದಲಾಯಿತು. ಬಿಳಿ ರಕ್ತಕಣಗಳು ಒಸಡಿಗೆ ತಲುಪದ್ದರಿಂದ ರೋಗಾಣುಗಳು ಎಗ್ಗಿಲ್ಲದೆ ಬೆಳೆದು ಮೂಳೆ ತಿನ್ನುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ನಿಕಿ ಮೌಟ್ಸೊಪೌಲಸ್ ಅವರ ತಂಡವು 2014ರಲ್ಲಿ ತೋರಿಸಿದಂತೆ, ನ್ಯೂಟ್ರೊಫಿಲ್‌ಗಳು ಬಾರದಿದ್ದಾಗ ಒಸಡಿನಲ್ಲಿ ಐಎಲ್-23, ಐಎಲ್-17 ಎಂಬ ಉರಿಯೂತದ ಸಂದೇಶವಾಹಕ ಪ್ರೋಟೀನ್‌ಗಳು ಅಂಕೆಮೀರಿ ಹೆಚ್ಚುತ್ತವೆ, ಮೂಳೆ ಕರಗುವುದು ಅವುಗಳ ಕಾರಣದಿಂದ. 2017ರಲ್ಲಿ ಅದೇ ತಂಡ ಒಬ್ಬ ರೋಗಿಗೆ ಐಎಲ್-23ನ್ನು ತಡೆಯುವ ಔಷಧ ಕೊಟ್ಟಾಗ ಒಸಡಿನ ಉರಿಯೂತ ಇಳಿಯಿತು. ಹಲ್ಲು ಉದುರಿಸುವುದರಲ್ಲಿ ರೋಗಾಣುವಿಗಿಂತ ದೇಹದ ಮಿತಿಮೀರಿದ ಪ್ರತಿಕ್ರಿಯೆಯ ಪಾಲು ದೊಡ್ಡದಿರಬಹುದು ಎಂಬ ಅರಿವು ಹೀಗೆ ಅಪರೂಪದ ರೋಗದಿಂದ ಸಾಮಾನ್ಯ ರೋಗದ ವಿವರಣೆಗೆ ಇಳಿದುಬಂತು.

ಸೋದರಿಕೆಯ ಲೆಕ್ಕ

ಮೇಲೆ ಹೇಳಿದ ಬಾಲ್ಯರೋಗಗಳೆಲ್ಲ ಕಾಣಿಸಿಕೊಳ್ಳಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬರಬೇಕು. ಒಂದೇ ಪ್ರತಿ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರೂ ಅಂಥ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು, ರಕ್ತಸಂಬಂಧಿಗಳು ಮದುವೆಯಾದಾಗ ಇಬ್ಬರೂ ವಾಹಕರಾಗಿರುವ ಸಂಭವ ಏರುತ್ತದೆ. ಕರ್ನಾಟಕದಲ್ಲಿ ಇದು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ, ಏಕೆಂದರೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗ, ಮಾವನ ಮಗಳ ನಡುವೆ ಸಂಬಂಧ ಬೆಳೆಸುವುದು ಅನೇಕ ಸಮುದಾಯಗಳಲ್ಲಿ ಹಕ್ಕಿನಂತೆ ನಡೆದುಬಂದಿದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳ ಹೆರಿಗೆಗಳನ್ನು ಆಧರಿಸಿ ಅಲನ್ ಬಿಟಲ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೆ ನಡೆದದ್ದಾಗಿತ್ತು. ಸೋದರಮಾವ ಮತ್ತು ಸೊಸೆಯ ಮಗುವಿನಲ್ಲಿ ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುವ ಸಂಭವ ಎಂಟರಲ್ಲೊಂದು, ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹದಿನಾರರಲ್ಲೊಂದು.

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಕರ್ನಾಟಕವನ್ನು ದಕ್ಷಿಣ ವಲಯದಲ್ಲಿಯೂ ಮಹಾರಾಷ್ಟ್ರವನ್ನು ಉತ್ತರ ಮತ್ತು ದಕ್ಷಿಣದ ನಡುವಣ ಮಧ್ಯ ವಲಯದಲ್ಲಿಯೂ ಇರಿಸಿದ್ದರು; ಮಹಾರಾಷ್ಟ್ರದ ಹಲವು ಸಮುದಾಯಗಳಲ್ಲಿ ಮಾಮನ ಮಗಳೊಂದಿಗಿನ ಮದುವೆ ಒಪ್ಪಿತ. ರಕ್ತಸಂಬಂಧದೊಳಗೆ ಮದುವೆಯಾಗದಿದ್ದರೂ ಜಾತಿಯೊಳಗೇ ಉಳಿದವರಲ್ಲಿ ಇನ್ನೊಂದು ಬಗೆಯ ಸಾಮೀಪ್ಯವಿರುತ್ತದೆ: ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ, ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿದ್ದ ಅಧ್ಯಯನವು, 81 ಗುಂಪುಗಳಲ್ಲಿ ಕೆಲವೇ ಮೂಲಪುರುಷರಿಂದ ಬೆಳೆದ ಗುರುತು ಬಲವಾಗಿರುವುದನ್ನು ಕಂಡಿತು. ಆದ್ದರಿಂದ ಬೇಲಾಪುರದ ಚಿಕಿತ್ಸಾಲಯಕ್ಕೆ ಐದು ವರ್ಷದ ಮಗುವೊಂದು ಉದುರಬಾರದ ಹಲ್ಲು ಉದುರಿಸಿಕೊಂಡು ಬಂದಾಗ, ಅಂಗೈ ಅಂಗಾಲು ನೋಡುವುದು, ಪದೇ ಪದೇ ಸೋಂಕು ಬರುತ್ತದೆಯೇ ಎಂದು ಕೇಳುವುದು, ತಂದೆತಾಯಿ ಸಂಬಂಧಿಕರೇ ಎಂದು ವಿಚಾರಿಸುವುದು ದಂತವೈದ್ಯರ ಕರ್ತವ್ಯದ ಭಾಗವಾಗುತ್ತದೆ; ಇಂಥಲ್ಲಿ ವಂಶವಾಹಿ ಪರೀಕ್ಷೆ ರೋಗವನ್ನು ಖಚಿತಪಡಿಸುವುದಲ್ಲದೆ ಮುಂದಿನ ಮಗುವಿನ ಬಗೆಗೆ ಕುಟುಂಬಕ್ಕೆ ತಿಳಿವಳಿಕೆಯನ್ನೂ ಕೊಡುತ್ತದೆ.

ಸಾಮಾನ್ಯ ರೋಗ, ಸಣ್ಣ ಪಾಲುಗಳು

ನಲವತ್ತು ದಾಟಿದವರ ಸಾಮಾನ್ಯ ರೋಗದಲ್ಲಿ ಇಂಥ ಖಚಿತತೆ ಇಲ್ಲ. ಕೆನೆತ್ ಕಾರ್ನ್‌ಮನ್ ಮತ್ತು ಸಂಗಡಿಗರು 1997ರಲ್ಲಿ ಐಎಲ್-1 ಎಂಬ ಉರಿಯೂತದ ಪ್ರೋಟೀನನ್ನು ತಯಾರಿಸುವ ವಂಶವಾಹಿಗಳ ಒಂದು ನಿರ್ದಿಷ್ಟ ಜೋಡಿ ರೂಪಭೇದವುಳ್ಳ, ಧೂಮಪಾನ ಮಾಡದ ಉತ್ತರ ಯುರೋಪಿನ ಮೂಲದವರಲ್ಲಿ ತೀವ್ರ ರೋಗದ ಸಂಭವ ಸುಮಾರು ಏಳು ಪಟ್ಟು ಹೆಚ್ಚು ಎಂದು ವರದಿ ಮಾಡಿದಾಗ ದೊಡ್ಡ ಆಸೆ ಹುಟ್ಟಿತು, ಅದನ್ನು ಆಧರಿಸಿದ ಪರೀಕ್ಷೆ ಮಾರುಕಟ್ಟೆಗೂ ಬಂತು. ಆದರೆ ಉತ್ತರ ಯುರೋಪಿನವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಬ್ಬರಲ್ಲಿ ಕಾಣುವ ಆ ಜೋಡಿ, 2000ದಲ್ಲಿ ಪರೀಕ್ಷಿಸಲಾದ ಚೀನೀ ಮೂಲದ 300 ಮಂದಿಯಲ್ಲಿ ಶೇ. 2.3ರಷ್ಟು ಜನರಲ್ಲಿ ಮಾತ್ರ ಸಿಕ್ಕಿತು. ಒಂದು ಜನಾಂಗದಲ್ಲಿ ರೋಗದ ಸುಳಿವು ಕೊಡುವ ಗುರುತು ಇನ್ನೊಂದರಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ ಎಂದಾದರೆ, ಎಲ್ಲರಿಗೂ ಒಂದೇ ಪರೀಕ್ಷೆಯನ್ನು ಮಾರುವುದಕ್ಕೆ ಆಧಾರವಿಲ್ಲದಾಗುತ್ತದೆ. ಮಹಾರಾಷ್ಟ್ರದ ಜನರಲ್ಲೇ ಈ ಐಎಲ್-1 ರೂಪಭೇದಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾದದ್ದು ಈ ಕಾರಣಕ್ಕೆ ಸ್ವಾಗತಾರ್ಹ. ಆದರೆ ಬೇಲಾಪುರದಂಥ ಮಿಶ್ರ ನಗರಕ್ಕೆ ಒಂದು ಪ್ರಾಂತದ ಫಲಿತಾಂಶವೂ ಸಾಲದು.

ಇದೇ ಪರೀಕ್ಷೆಯನ್ನು ನಂಬಿ ಚಿಕಿತ್ಸೆಯ ಪದ್ಧತಿಯನ್ನೇ ಬದಲಿಸುವ ಪ್ರಯತ್ನಕ್ಕೂ ಪೆಟ್ಟು ಬಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ತಂಡ 5,117 ಮಂದಿಯ ಹದಿನಾರು ವರ್ಷಗಳ ದಾಖಲೆಗಳನ್ನು ಆಧರಿಸಿ, ಧೂಮಪಾನ, ಮಧುಮೇಹ, ಐಎಲ್-1 ರೂಪಭೇದ ಇವು ಮೂರೂ ಇಲ್ಲದವರಿಗೆ ವರ್ಷಕ್ಕೊಮ್ಮೆ ಹಲ್ಲು ಶುಚಿಗೊಳಿಸಿದರೆ ಸಾಕು ಎಂದು 2013ರಲ್ಲಿ ಸೂಚಿಸಿತು. ಅದೇ ಅಂಕಿಗಳನ್ನು ಮತ್ತೆ ವಿಶ್ಲೇಷಿಸಿದ ಬೇರೆ ತಜ್ಞರು 2015ರಲ್ಲಿ, ವಂಶವಾಹಿ ಪರೀಕ್ಷೆಯ ಆಧಾರದಲ್ಲಿ ಶುಚಿಗೊಳಿಸುವಿಕೆ ಕಡಿಮೆ ಮಾಡುವುದಕ್ಕೆ ಬೆಂಬಲವಿಲ್ಲ ಎಂದರು. ಇಡೀ ಸಂಚಯವನ್ನು ಜಾಲಾಡುವ ಆಧುನಿಕ ವಿಧಾನದಲ್ಲೂ ಫಲ ಮಿತವಾಗಿದೆ. ಒಂಬತ್ತನೆಯ ವರ್ಣತಂತುವಿನ ಆನ್‌ರಿಲ್ ಎಂಬ ಭಾಗ 2007ರಲ್ಲಿ ಹೃದಯದ ರಕ್ತನಾಳಗಳ ರೋಗದೊಂದಿಗೆ, 2009ರಲ್ಲಿ ಕಿರಿಯ ವಯಸ್ಸಿನ ತೀವ್ರ ಒಸಡಿನ ರೋಗದೊಂದಿಗೆ ತಳುಕು ಹಾಕಿಕೊಂಡದ್ದು ಗಮನ ಸೆಳೆದಿದೆ. ಜಿಎಲ್‌ಟಿ6ಡಿ1, ಸಿಗ್ಲೆಕ್5 ಮೊದಲಾದ ಇನ್ನಷ್ಟು ತಾಣಗಳು ಸೂಚಿತವಾಗಿವೆ. ಎರಡು ರೋಗಗಳಿಗೆ ಒಂದೇ ವಂಶವಾಹಿ ಭಾಗ ಸಂಬಂಧಿಸಿದೆ ಎಂದ ಮಾತ್ರಕ್ಕೆ ಒಸಡಿನ ಚಿಕಿತ್ಸೆ ಹೃದಯಾಘಾತವನ್ನು ತಡೆಯುತ್ತದೆ ಎಂದಾಗುವುದಿಲ್ಲ. ಅದು ಎರಡಕ್ಕೂ ಸಮಾನವಾದ ಉರಿಯೂತದ ಬೇರಿದೆ ಎಂಬುದರ ಸೂಚನೆ ಮಾತ್ರ.

ಮನೆಯಲ್ಲಿ ಹರಿಯುವ ಇತರ ಸಂಗತಿಗಳು

ತಂದೆಯಿಂದ ಮಗನಿಗೆ ವಂಶವಾಹಿಯ ಜೊತೆಗೆ ಬಚ್ಚಲಮನೆಯ ಕಪಾಟೂ ಬರುತ್ತದೆ. ಹುರಿದು ಪುಡಿ ಮಾಡಿದ ತಂಬಾಕನ್ನು ಹಲ್ಲುಜ್ಜಲು ಬಳಸುವ ಮಶೇರಿಯ ಅಭ್ಯಾಸ ಮಹಾರಾಷ್ಟ್ರದಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಅಮ್ಮನಿಂದ ಮಗಳಿಗೆ ಇಳಿಯುತ್ತದೆ; ಕರ್ನಾಟಕದ ಕಡ್ಡಿಪುಡಿ, ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು ಅದೇ ದಾರಿಯವು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 24.4, ಸೇದುವವರು ಶೇ. 3.8. 2018ರಲ್ಲಿ ಪ್ರಕಟವಾಗಿ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ವರ್ಗೀಕರಣವು ದೀರ್ಘಕಾಲಿಕ ಮತ್ತು ಆಕ್ರಮಣಕಾರಿ ಎಂಬ ಹಳೆಯ ವಿಭಜನೆಯನ್ನು ಕೈಬಿಟ್ಟು, ರೋಗದ ತೀವ್ರತೆಗೆ ಒಂದರಿಂದ ನಾಲ್ಕರವರೆಗಿನ ಹಂತಗಳನ್ನೂ ಅದು ಮುಂದುವರಿಯುವ ವೇಗಕ್ಕೆ ಎ, ಬಿ, ಸಿ ಎಂಬ ದರ್ಜೆಗಳನ್ನೂ ಗೊತ್ತುಮಾಡಿದೆ. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದುವವರನ್ನೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 7 ಮುಟ್ಟಿದ ಮಧುಮೇಹಿಗಳನ್ನೂ ಅತಿ ವೇಗದ ಸಿ ದರ್ಜೆಗೆ ಸೇರಿಸುವ ಈ ಕೋಷ್ಟಕದಲ್ಲಿ ಮಶೇರಿಗಾಗಲಿ ಗುಟ್ಕಾಕ್ಕಾಗಲಿ ಕಲಮಿಲ್ಲ, ವಂಶವಾಹಿಗಂತೂ ಇಲ್ಲ. ಸಿಗರೇಟನ್ನಷ್ಟೇ ಲೆಕ್ಕ ಹಾಕಿದರೆ ಠಾಣೆ, ಕಲ್ಯಾಣ, ಬೇಲಾಪುರಗಳ ಬಹುಪಾಲು ತಂಬಾಕು ಬಳಕೆ ಲೆಕ್ಕದಿಂದ ಹೊರಗುಳಿಯುತ್ತದೆ. ಅದರ ಪರಿಣಾಮವಾಗಿ ಸರಿದ ಒಸಡನ್ನು ಮನೆತನದ ಖಾತೆಗೆ ಬರೆಯುವ ತಪ್ಪೂ ಸುಲಭವಾಗಿ ನಡೆದುಹೋಗುತ್ತದೆ.

ಮಧುಮೇಹವೂ ಇದೇ ರೀತಿ ಲೆಕ್ಕ ತಪ್ಪಿಸುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವುದನ್ನು ಅಂದಾಜಿಸಿದೆ. ಸಕ್ಕರೆ ಕಾಯಿಲೆಗೆ ಬಲವಾದ ವಂಶದ ಎಳೆಯಿದೆ, ಅದು ಹತೋಟಿಯಲ್ಲಿರದಿದ್ದರೆ ಒಸಡಿನ ರೋಗ ಕೆರಳುತ್ತದೆ. ಹೀಗಾಗಿ ಕುಟುಂಬವೊಂದರಲ್ಲಿ ತಲೆಮಾರು ತಲೆಮಾರು ಹಲ್ಲು ಉದುರಿದ್ದರೆ ಒಸಡಿಗೆ ನೇರವಾಗಿ ಸಂಬಂಧಿಸಿದ ವಂಶವಾಹಿ ಇಲ್ಲದೆಯೂ, ಮಧುಮೇಹದ ಮೂಲಕ ಆ ಸರಣಿ ಸಾಗಿಬಂದಿರಬಹುದು. ರೋಗಕಾರಕ ಬ್ಯಾಕ್ಟೀರಿಯಾಗಳೂ ಒಂದೇ ಮನೆಯವರ ನಡುವೆ ಎಂಜಲಿನ ಮೂಲಕ ದಾಟಬಲ್ಲವು. ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವರ್ಷದವರಲ್ಲಿ ಶೇ. 89.6ರಷ್ಟು ಮಂದಿಗೆ ಸೌಮ್ಯವೋ ತೀವ್ರವೋ ಆದ ಒಸಡಿನ ತೊಂದರೆಯಿತ್ತು. ಇಷ್ಟು ವ್ಯಾಪಕವಾದ ರೋಗ ತಂದೆಯಲ್ಲೂ ಮಗನಲ್ಲೂ ಕಾಣುವುದು ತಾನೇ ಆನುವಂಶಿಕತೆಯ ಪುರಾವೆಯಾಗಲಾರದು. ಗಮನಿಸಬೇಕಾದದ್ದು ರೋಗ ಶುರುವಾದ ವಯಸ್ಸು, ಅದು ಸಾಗಿದ ವೇಗ, ಕಣ್ಣಿಗೆ ಕಾಣುವ ಕೊಳೆಗೆ ಹೋಲಿಸಿದಾಗ ಆದ ಹಾನಿಯ ಪ್ರಮಾಣ.

ಪರೀಕ್ಷೆಯ ಕಿಟ್ಟೋ, ಪ್ರಶ್ನೆಯೋ

ಎಂಜಲಿನ ಮಾದರಿ ಕಳಿಸಿ ವಂಶದ ಅಪಾಯಗಳನ್ನು ತಿಳಿದುಕೊಳ್ಳಿ ಎಂಬ ಜಾಹೀರಾತುಗಳು ಹೆಚ್ಚುತ್ತಿರುವ ಕಾಲದಲ್ಲಿ, ಸಾಮಾನ್ಯ ಒಸಡಿನ ರೋಗದ ಮಟ್ಟಿಗೆ ಅಂಥ ಪರೀಕ್ಷೆಯ ಫಲಿತಾಂಶ ಯಾವುದೇ ಬಂದರೂ ವೈದ್ಯರು ಕೊಡುವ ಸಲಹೆ ಬದಲಾಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಪಾಯ ಹೆಚ್ಚೆಂದು ಬಂದರೂ ಹಲ್ಲುಜ್ಜಬೇಕು, ತಂಬಾಕು ಬಿಡಬೇಕು. ಕಡಿಮೆಯೆಂದು ಬಂದವರು ಅವನ್ನು ಸಡಿಲಿಸಿದರೆ ಪರೀಕ್ಷೆ ಹಾನಿಯನ್ನೇ ಮಾಡಿದಂತೆ. ಈ ಸ್ಥಿತಿ ಮುಂದೆ ಬದಲಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯು ಸುಮಾರು 10,000 ಭಾರತೀಯರ ಸಂಪೂರ್ಣ ವಂಶವಾಹಿ ಸಂಚಯದ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಯಾವ ರೂಪಭೇದ ಯಾವ ಸಮುದಾಯದಲ್ಲಿ ಎಷ್ಟು ಸಾಮಾನ್ಯ ಎಂಬ ಮೂಲಭೂತ ಪ್ರಶ್ನೆಗೆ ಉತ್ತರಿಸಲು ಇದು ಅಡಿಪಾಯವಾಗಬಲ್ಲದು. ಆದರೆ ಒಸಡಿನ ರೋಗಕ್ಕೆ ಅದು ಉಪಯೋಗವಾಗಬೇಕಾದರೆ ದಂತ ಕಾಲೇಜುಗಳು ಪ್ರತಿ ಹಲ್ಲಿನ ಸುತ್ತಲಿನ ಪೊಟರೆಯ ಆಳವನ್ನು, ತಂಬಾಕಿನ ಬಗೆಯನ್ನು, ಸಕ್ಕರೆಯ ಮಟ್ಟವನ್ನು ಶಿಸ್ತಾಗಿ ದಾಖಲಿಸಿ ಜೋಡಿಸಿಕೊಡಬೇಕು.

ಅಲ್ಲಿಯವರೆಗೆ ಕೈಯಲ್ಲಿರುವ ಅತ್ಯುತ್ತಮ ವಂಶವಾಹಿ ಪರೀಕ್ಷೆ ಕೆಲವು ಪ್ರಶ್ನೆಗಳ ರೂಪದಲ್ಲಿದೆ: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ನಲವತ್ತಕ್ಕೆ ಮೊದಲು ಹಲ್ಲುಗಳು ಅಲ್ಲಾಡಿ ಉದುರಿದ್ದವೇ, ಆ ಹಲ್ಲುಗಳಲ್ಲಿ ಹುಳುಕಿತ್ತೇ, ಅವರು ಯಾವ ತಂಬಾಕು ಬಳಸುತ್ತಿದ್ದರು, ಸಕ್ಕರೆ ಕಾಯಿಲೆ ಇತ್ತೇ, ತಂದೆತಾಯಿ ಸಂಬಂಧಿಕರೇ. ಹುಳುಕಿಲ್ಲದೆ, ತಂಬಾಕಿಲ್ಲದೆ, ಮಧುಮೇಹವಿಲ್ಲದೆ ಮೂವತ್ತೈದಕ್ಕೆ ಹಲ್ಲು ಕಳೆದುಕೊಂಡವರ ಮಕ್ಕಳು ಮತ್ತು ಒಡಹುಟ್ಟಿದವರು, ನೋವು ಬರುವುದಕ್ಕೆ ಕಾಯದೆ ಇಪ್ಪತ್ತರ ಹರೆಯದಲ್ಲೇ ಒಸಡಿನ ಆಳ ಅಳೆಸಿಕೊಳ್ಳಬೇಕು, ಏಕೆಂದರೆ ಈ ರೋಗ ಬಹುಕಾಲ ನೋವಿಲ್ಲದೆ ಸಾಗುತ್ತದೆ. ಒಂದರಿಂದ ಮೂರು ಮಿಲಿಮೀಟರಿನ ಸಹಜ ಆಳ ಎಲ್ಲಿ ಮೀರಿದೆ ಎಂದು ತಿಳಿಯಲು ಗೆರೆ ಹಾಕಿದ ಒಂದು ಸಣ್ಣ ಸಲಾಕೆ ಮತ್ತು ಎಕ್ಸ್‌ರೇ ಸಾಕು. ನವಿ ಮುಂಬಯಿಯ ದಂತ ಕಾಲೇಜುಗಳಲ್ಲಿ ಈ ಪರೀಕ್ಷೆಗೆ ತಗಲುವ ವೆಚ್ಚ ಅಲ್ಪ. ಡೊಂಬಿವಲಿ, ಠಾಣೆ, ವಾಶಿಗಳ ಕನ್ನಡ ಸಂಘಗಳು ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರಗಳಿಗೆ ಇದನ್ನೂ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಶ್ರೀಲಂಕಾದ ತೋಟದಲ್ಲಿ ವೇಗದ ಗುಂಪಿಗೆ ಸೇರಿದ್ದ ಶೇ. 8ರಷ್ಟು ಕಾರ್ಮಿಕರು ತಮ್ಮ ವಂಶವಾಹಿಯಿಂದಷ್ಟೇ ಹಲ್ಲು ಕಳೆದುಕೊಳ್ಳಲಿಲ್ಲ, ಬ್ರಷ್ಷೂ ವೈದ್ಯರೂ ಇಲ್ಲದ ಬದುಕಿನಲ್ಲಿ ಆ ವಂಶವಾಹಿಗೆ ಎದುರಿಲ್ಲದಂತಾಗಿದ್ದರಿಂದ ಕಳೆದುಕೊಂಡರು. ಮನೆತನದಲ್ಲಿ ರೋಗವಿದೆ ಎಂದು ಗೊತ್ತಿರುವವರಿಗೆ ಹತ್ತು ವರ್ಷ ಮುಂಚಿತವಾಗಿ ಎಚ್ಚರಗೊಳ್ಳುವ ಅವಕಾಶವಿದೆ. ಆ ಅವಕಾಶವನ್ನು ಬಳಸಿಕೊಂಡ ಕುಟುಂಬದಲ್ಲಿ ಮುಂದಿನ ತಲೆಮಾರಿನ ಹಲ್ಲಿನ ಇತಿಹಾಸ ಬೇರೆಯಾಗಿರುತ್ತದೆ.